ಫೋರ್ಟ್‌ನ ಹಾರ್ನಿಮನ್ ಸರ್ಕಲ್: ಬ್ರಿಟಿಷ್ ಸರ್ಕಾರವೇ ಗಡಿಪಾರು ಮಾಡಿದ ಬ್ರಿಟಿಷ್ ಸಂಪಾದಕನ ಕಥೆ

ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ಫೋರ್ಟ್ ಒಳಗೆ ಹದಿನೈದು ನಿಮಿಷ ನಡೆದರೆ ಹಾರ್ನಿಮನ್ ಸರ್ಕಲ್ ಸಿಗುತ್ತದೆ. ನಡುವೆ ದುಂಡನೆಯ ಉದ್ಯಾನ, ಸುತ್ತ ಕಮಾನುಗಳ ಹಳೆಯ ಕಟ್ಟಡಗಳು. ಒಂದು ಕಡೆ ಏಷ್ಯಾಟಿಕ್ ಸೊಸೈಟಿಯ ಅಗಲವಾದ ಮೆಟ್ಟಿಲುಗಳು, ಅದರ ಎದುರು ದಿಕ್ಕಿಗೆ ಸೇಂಟ್ ಥಾಮಸ್ ಕ್ಯಾಥೆಡ್ರಲ್. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಕರಾವಳಿಯ ಎಷ್ಟೋ ಮಂದಿ ಕನ್ನಡಿಗರು ಈ ಸರ್ಕಲ್ ದಾಟಿಯೇ ಓಡಾಡಿದವರು.

ಈ ಜಾಗಕ್ಕೆ ಮೊದಲಿದ್ದ ಹೆಸರು ಎಲ್ಫಿನ್‌ಸ್ಟನ್ ಸರ್ಕಲ್. ಮುಂಬೈ ಪ್ರಾಂತ್ಯದ ಗವರ್ನರ್ ಆಗಿದ್ದ ಲಾರ್ಡ್ ಎಲ್ಫಿನ್‌ಸ್ಟನ್ ನೆನಪಿನಲ್ಲಿ ಇಟ್ಟ ಹೆಸರು ಅದು. ಸ್ವಾತಂತ್ರ್ಯ ಬಂದ ಮೇಲೆ ಆ ಹೆಸರನ್ನು ತೆಗೆದು ಹಾರ್ನಿಮನ್ ಹೆಸರನ್ನು ಇಡಲಾಯಿತು. ವಿಚಿತ್ರ ಅನಿಸುವುದು ಇಲ್ಲೇ. ಹಾರ್ನಿಮನ್ ಕೂಡ ಬ್ರಿಟಿಷರೇ. ಒಬ್ಬ ಬ್ರಿಟಿಷ್ ಗವರ್ನರ್ ಹೆಸರನ್ನು ಅಳಿಸಿದ ದೇಶ ಇನ್ನೊಬ್ಬ ಬ್ರಿಟಿಷರ ಹೆಸರನ್ನು ಏಕೆ ಬರೆಯಿತು?

ಉತ್ತರ ಸಿಗಬೇಕಾದರೆ 1919ರ ಬೇಸಿಗೆಗೆ ಹೋಗಬೇಕು. ಆಗ ಜಲಿಯನ್‌ವಾಲಾ ಬಾಗ್‌ನಲ್ಲಿ ನಡೆದದ್ದು ಜಗತ್ತಿಗೆ ತಿಳಿಯದಂತೆ ಒಂದು ಸಾಮ್ರಾಜ್ಯ ತನ್ನ ತಂತಿ ಕಚೇರಿಗಳನ್ನೇ ಬಿಗಿಹಿಡಿದಿತ್ತು. ಆ ಹಿಡಿತವನ್ನು ಸಡಿಲಿಸಿದವರಲ್ಲಿ ಮುಖ್ಯರು ಬೆಂಜಮಿನ್ ಗೈ ಹಾರ್ನಿಮನ್.

ನೌಕಾಪಡೆಯ ಮನೆಯ ಮಗ

ಹಾರ್ನಿಮನ್ ಹುಟ್ಟಿದ್ದು 1873ರ ಜುಲೈ 17ರಂದು, ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ. ತಂದೆ ವಿಲಿಯಂ ಹಾರ್ನಿಮನ್ ಬ್ರಿಟಿಷ್ ನೌಕಾಪಡೆಯಲ್ಲಿ ಸಂಬಳ ಬಟವಾಡೆ ವಿಭಾಗದ ದೊಡ್ಡ ಅಧಿಕಾರಿ. ಓದಿದ್ದು ನೌಕಾಪಡೆಯ ಊರಾದ ಪೋರ್ಟ್ಸ್‌ಮತ್‌ನ ಗ್ರಾಮರ್ ಶಾಲೆಯಲ್ಲಿ. ಆಮೇಲೆ ಸೈನಿಕ ಶಿಕ್ಷಣವನ್ನೂ ಪಡೆದರು. ಆ ಮನೆತನದ ಹುಡುಗ ಸೇನೆಗೋ ಸರ್ಕಾರಿ ಹುದ್ದೆಗೋ ಸೇರುವುದು ರೂಢಿ. ಇವರು ಹಿಡಿದದ್ದು ಪತ್ರಿಕೆಯ ದಾರಿ.

1894ರಲ್ಲಿ ಪೋರ್ಟ್ಸ್‌ಮತ್‌ನ ಸಂಜೆ ಪತ್ರಿಕೆಯೊಂದರಲ್ಲಿ ಕೆಲಸ ಶುರುವಾಯಿತು. ಡೈಲಿ ಕ್ರಾನಿಕಲ್, ಮ್ಯಾಂಚೆಸ್ಟರ್ ಗಾರ್ಡಿಯನ್ ಸೇರಿ ಹಲವು ಪತ್ರಿಕೆಗಳಲ್ಲಿ ದುಡಿದರು. ಸುದ್ದಿ ಎಲ್ಲಿಂದ ಬರುತ್ತದೆ, ಯಾವ ಕೈಗಳನ್ನು ದಾಟಿ ಬರುತ್ತದೆ, ದಾಟುವಾಗ ಏನು ಉದುರಿಹೋಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡ ಹನ್ನೆರಡು ವರ್ಷಗಳವು. 1906ರಲ್ಲಿ ಭಾರತಕ್ಕೆ ಬಂದು ಕಲ್ಕತ್ತಾದ ಸ್ಟೇಟ್ಸ್‌ಮನ್ ಪತ್ರಿಕೆಯ ಸುದ್ದಿ ವಿಭಾಗ ಸೇರಿದರು.

ಆಗ ಬಂಗಾಳ ವಿಭಜನೆಯ ವಿರುದ್ಧದ ಚಳವಳಿ ಕಾವೇರಿದ್ದ ಹೊತ್ತು. ಯುರೋಪಿಯನ್ನರು ನಡೆಸುತ್ತಿದ್ದ ಪತ್ರಿಕೆಯೊಳಗೆ ಕೂತು, ಹೊರಗಿನ ಬೀದಿಯಲ್ಲಿ ಭಾರತೀಯರ ಸಿಟ್ಟನ್ನು ನೋಡುವ ಅವಕಾಶ ಅವರಿಗೆ ಸಿಕ್ಕಿತು. ಒಂದೇ ಊರಿನ ಒಂದೇ ದಿನದ ಬಗ್ಗೆ ಆಳುವವರ ಸುದ್ದಿಯೂ ಆಳಿಸಿಕೊಳ್ಳುವವರ ಸುದ್ದಿಯೂ ಬೇರೆ ಬೇರೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತಿತ್ತು.

ತಂತಿ ಬಂದು ಇಳಿಯುವ ಊರು

ಹಾರ್ನಿಮನ್ ಮುಂಬೈಗೆ ಬಂದದ್ದು 1913ರಲ್ಲಿ. ಕಾಂಗ್ರೆಸ್‌ನ ಹಿರಿಯ ನಾಯಕ ಫಿರೋಜ್‌ಶಾ ಮೆಹ್ತಾ ಆ ವರ್ಷ ಬಾಂಬೆ ಕ್ರಾನಿಕಲ್ ಎಂಬ ಇಂಗ್ಲಿಷ್ ದಿನಪತ್ರಿಕೆ ಶುರು ಮಾಡಿದರು. ಸಂಪಾದಕರಾಗಿ ಹಾರ್ನಿಮನ್ ಅವರನ್ನು ಕರೆಸಿಕೊಂಡರು. ಮಾರ್ಚ್ 3ರಂದು ಪತ್ರಿಕೆ ಮಾರುಕಟ್ಟೆಗೆ ಬಂತು.

ಮೆಹ್ತಾ ಅವರಿಗೆ ಹೊಸ ಪತ್ರಿಕೆ ಏಕೆ ಬೇಕಿತ್ತು? ಫೋರ್ಟ್‌ನಲ್ಲಿ ಪತ್ರಿಕೆಗಳಿಗೇನೂ ಕೊರತೆ ಇರಲಿಲ್ಲ. 1822ರಲ್ಲಿ ಹುಟ್ಟಿದ ಗುಜರಾತಿ ಮುಂಬೈ ಸಮಾಚಾರ್ ಅಲ್ಲೇ ಇತ್ತು. ಆದರೆ ಸರ್ಕಾರದ ಕಿವಿಗೆ ಬೀಳುವ ಇಂಗ್ಲಿಷ್ ದನಿ ಟೈಮ್ಸ್ ಆಫ್ ಇಂಡಿಯಾದ್ದು. ಆಗ ಅದು ಬ್ರಿಟಿಷ್ ಅಧಿಕಾರಿಗಳ, ವ್ಯಾಪಾರಿಗಳ ಪತ್ರಿಕೆ. ಭಾರತೀಯರ ಮಾತನ್ನು ಅದೇ ಭಾಷೆಯಲ್ಲಿ, ಅದೇ ಬೀದಿಯಿಂದ ಹೇಳುವ ದಿನಪತ್ರಿಕೆ ಮೆಹ್ತಾ ಅವರಿಗೆ ಬೇಕಿತ್ತು.

ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಅಂದಿನ ಭಾರತಕ್ಕೆ ಜಗತ್ತಿನ ಸುದ್ದಿ ಬಂದು ಇಳಿಯುತ್ತಿದ್ದ ಮುಖ್ಯ ಊರು ಮುಂಬೈ. 1870ರಲ್ಲಿ ಸೂಯೆಜ್, ಏಡನ್ ಮಾರ್ಗವಾಗಿ ಸಮುದ್ರದ ತಳದಲ್ಲಿ ತಂತಿ ಎಳೆದು ಇಂಗ್ಲೆಂಡನ್ನು ಮುಂಬೈಗೆ ಜೋಡಿಸಲಾಗಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲು, 1866ರಲ್ಲೇ, ರಾಯಿಟರ್ಸ್ ಮುಂಬೈನಲ್ಲಿ ಕಚೇರಿ ತೆರೆದಿತ್ತು. ಹಡಗಿನಲ್ಲಿ ವಾರಗಟ್ಟಲೆ ತೇಲಿ ಬರುತ್ತಿದ್ದ ಸುದ್ದಿ ಗಂಟೆಗಳಲ್ಲಿ ಬರತೊಡಗಿತು.

ಆದರೆ ತಂತಿ ಬ್ರಿಟಿಷ್ ಕಂಪನಿಗಳದ್ದು, ಸುದ್ದಿ ಸಂಸ್ಥೆ ಬ್ರಿಟಿಷರದ್ದು, ಬಿಕ್ಕಟ್ಟು ಬಂದರೆ ಸೆನ್ಸಾರ್ ಕತ್ತರಿ ಸರ್ಕಾರದ್ದು. 1870ರಲ್ಲೇ ರಾಯಿಟರ್ಸ್, ಫ್ರಾನ್ಸಿನ ಹವಾಸ್ ಮತ್ತು ಜರ್ಮನಿಯ ವೋಲ್ಫ್ ಸಂಸ್ಥೆಗಳು ಜಗತ್ತನ್ನು ಭಾಗ ಮಾಡಿಕೊಂಡಿದ್ದವು. ಭಾರತ ರಾಯಿಟರ್ಸ್ ಪಾಲಿಗೆ ಬಂದಿತ್ತು. ಹೀಗಾಗಿ ಧಾರವಾಡದ ಓದುಗರಿಗೆ ಲಂಡನ್ ಏನು ಅನ್ನುತ್ತದೆ ಎಂಬುದು ಬೇಗ ತಿಳಿಯುತ್ತಿತ್ತು. ಧಾರವಾಡದಲ್ಲಿ ಏನು ನಡೆಯಿತು ಎಂಬುದು ಲಂಡನ್‌ಗೆ ಅಷ್ಟು ಸುಲಭವಾಗಿ ತಿಳಿಯುತ್ತಿರಲಿಲ್ಲ. ಸುದ್ದಿಯ ಹರಿವು ಮೇಲಿಂದ ಕೆಳಕ್ಕೆ. ಹಾರ್ನಿಮನ್ ತಮ್ಮ ಜೀವನದಲ್ಲಿ ಮಾಡಿದ ದೊಡ್ಡ ಕೆಲಸ ಆ ಹರಿವನ್ನು ಒಮ್ಮೆ ತಿರುಗಿಸಿದ್ದು.

ಯುದ್ಧದ ವರ್ಷಗಳಲ್ಲಿ ಇಬ್ಬರು ಸಂಪಾದಕರು

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಭಾರತದಿಂದ 13 ಲಕ್ಷದಷ್ಟು ಮಂದಿ ಯೋಧರಾಗಿ, ಕೆಲಸಗಾರರಾಗಿ ಬ್ರಿಟನ್ ಪರ ಹೋದರು. 70 ಸಾವಿರಕ್ಕೂ ಹೆಚ್ಚು ಮಂದಿ ಮರಳಿ ಬರಲಿಲ್ಲ. ಇತ್ತ ದೇಶದೊಳಗೆ 1915ರಲ್ಲಿ ಭಾರತ ರಕ್ಷಣಾ ಕಾಯ್ದೆ ಬಂತು. ಬಂಧನ, ಗಡಿಪಾರು, ಪತ್ರಿಕೆಗಳ ಮೇಲೆ ಕಡಿವಾಣ ಎಲ್ಲವೂ ಅದರೊಳಗೆ ಇದ್ದವು. 1910ರ ಪತ್ರಿಕಾ ಕಾಯ್ದೆ ಮೊದಲೇ ಇತ್ತು. ಸರ್ಕಾರಕ್ಕೆ ಹಿಡಿಸದ ಪತ್ರಿಕೆಯಿಂದ ಠೇವಣಿ ಕೇಳುವುದು, ಮತ್ತೆ ತಪ್ಪು ಕಂಡರೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಅದರ ವಿಧಾನ.

ಈ ಹೊತ್ತಿನಲ್ಲಿ ಫೋರ್ಟ್‌ನ ಇಬ್ಬರು ಇಂಗ್ಲಿಷ್ ಸಂಪಾದಕರು ಹಿಡಿದ ದಾರಿ ನೋಡಿ. ಟೈಮ್ಸ್ ಆಫ್ ಇಂಡಿಯಾದ ಸಂಪಾದಕ ಸ್ಟಾನ್ಲಿ ರೀಡ್ ಯುದ್ಧದ ಕೊನೆಯ ವರ್ಷದಲ್ಲಿ ಸರ್ಕಾರದ ಕೇಂದ್ರ ಪ್ರಚಾರ ಮಂಡಳಿಯ ಹೊಣೆ ಹೊತ್ತರು. ಹಾರ್ನಿಮನ್ ಪತ್ರಿಕಾ ಕಾಯ್ದೆಗಳ ವಿರುದ್ಧ ಪತ್ರಕರ್ತರನ್ನು ಒಟ್ಟುಗೂಡಿಸಲು ಪ್ರೆಸ್ ಅಸೋಸಿಯೇಷನ್ ಕಟ್ಟಿದರು. ಇಬ್ಬರೂ ಒಂದೇ ದೇಶದಿಂದ ಬಂದವರು. ಇಬ್ಬರ ಕಚೇರಿಗಳ ನಡುವೆ ಇದ್ದದ್ದು ಕಾಲ್ನಡಿಗೆಯ ದೂರ.

1915ರ ನವೆಂಬರ್‌ನಲ್ಲಿ ಮೆಹ್ತಾ ತೀರಿಕೊಂಡರು. ಮುಂದಿನ ವರ್ಷ ಹೋಮ್‌ರೂಲ್ ಚಳವಳಿ ಹುಟ್ಟಿತು. ತಿಲಕರು ತಮ್ಮ ಹೋಮ್‌ರೂಲ್ ಲೀಗ್ ಆರಂಭಿಸಿದ್ದು ನಮ್ಮ ಬೆಳಗಾವಿಯಲ್ಲೇ, 1916ರ ಏಪ್ರಿಲ್‌ನಲ್ಲಿ. ಅದೇ ವರ್ಷ ಮದ್ರಾಸಿನಲ್ಲಿ ಆನಿ ಬೆಸೆಂಟ್ ಇನ್ನೊಂದು ಲೀಗ್ ಕಟ್ಟಿದರು. ಹಾರ್ನಿಮನ್ ಬೆಸೆಂಟ್ ಅವರ ಲೀಗ್‌ನ ಉಪಾಧ್ಯಕ್ಷರಾದರು. ಕ್ರಾನಿಕಲ್ ಹೋಮ್‌ರೂಲ್‌ನ ಬಹಿರಂಗ ದನಿಯಾಯಿತು.

ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಆಗ ಮುಂಬೈ ಪ್ರಾಂತ್ಯದ ಭಾಗ. ಈ ಜಿಲ್ಲೆಗಳನ್ನು ಆಳುವ ಗವರ್ನರ್ ಕೂತಿದ್ದದ್ದು ಮುಂಬೈನಲ್ಲಿ. ಆದ್ದರಿಂದ ಫೋರ್ಟ್‌ನಲ್ಲಿ ಗವರ್ನರ್ ವಿರುದ್ಧ ಬರೆಯುವ ಪತ್ರಿಕೆ ನಮ್ಮ ಉತ್ತರ ಕರ್ನಾಟಕದ ಪಾಲಿಗೆ ದೂರದ ಊರಿನ ಪತ್ರಿಕೆಯಾಗಿರಲಿಲ್ಲ, ತಮ್ಮನ್ನು ಆಳುವವರಿಗೆ ಪ್ರಶ್ನೆ ಕೇಳುವ ಪತ್ರಿಕೆಯಾಗಿತ್ತು.

ಟೌನ್‌ಹಾಲ್ ಮೆಟ್ಟಿಲ ಮೇಲೆ

ಈಗಿನ ಹಾರ್ನಿಮನ್ ಸರ್ಕಲ್‌ಗೆ ಮುಖ ಮಾಡಿ ನಿಂತಿರುವ ಏಷ್ಯಾಟಿಕ್ ಸೊಸೈಟಿ ಕಟ್ಟಡವೇ ಅಂದಿನ ಟೌನ್‌ಹಾಲ್. 1918ರ ಡಿಸೆಂಬರ್ 11ರಂದು ಅಲ್ಲಿ ಒಂದು ಸಭೆ ಕರೆಯಲಾಗಿತ್ತು. ಅಧಿಕಾರ ಮುಗಿಸಿ ಹೊರಟಿದ್ದ ಗವರ್ನರ್ ವಿಲ್ಲಿಂಗ್‌ಡನ್‌ಗೆ ಮುಂಬೈ ಜನರ ಹೆಸರಿನಲ್ಲಿ ಸ್ಮಾರಕ ಕಟ್ಟುವ ತೀರ್ಮಾನ ಮಾಡುವುದು ಸಭೆಯ ಉದ್ದೇಶ. ಅದೇ ವರ್ಷ ಯುದ್ಧ ಸಮಾಲೋಚನೆಯ ಸಭೆಯಲ್ಲಿ ತಿಲಕರ ಮಾತನ್ನು ನಡುವೆಯೇ ತಡೆದಿದ್ದವರು ಇದೇ ವಿಲ್ಲಿಂಗ್‌ಡನ್.

ಊರಿನ ಜನರ ಹೆಸರಿನಲ್ಲಿ ಸ್ಮಾರಕ ಎಂದಾದರೆ ಊರಿನ ಜನರೂ ಸಭೆಗೆ ಬರಬೇಕಲ್ಲ? ಹೋಮ್‌ರೂಲ್ ಕಾರ್ಯಕರ್ತರು ಹಿಂದಿನ ರಾತ್ರಿಯೇ ಮೆಟ್ಟಿಲುಗಳ ಮೇಲೆ ಬಂದು ಕೂತರು. ಮುಂದಾಳುಗಳಾಗಿ ಮೊಹಮ್ಮದ್ ಅಲಿ ಜಿನ್ನಾ ಮತ್ತು ಹಾರ್ನಿಮನ್ ಇದ್ದರು. ಕ್ರಾನಿಕಲ್‌ನ ನಿರ್ದೇಶಕ ಮಂಡಳಿಯಲ್ಲಿದ್ದ ಜಿನ್ನಾ ಆಗಿನ್ನೂ ಹಿಂದೂ ಮುಸ್ಲಿಂ ಒಗ್ಗಟ್ಟಿನ ನಾಯಕರು. ಮರುದಿನ ಸಭೆ ಗದ್ದಲದಲ್ಲಿ ಮುಳುಗಿತು, ಪೊಲೀಸರು ಸಭಾಂಗಣ ಖಾಲಿ ಮಾಡಿಸಿದರು. ಸ್ಮಾರಕದ ಆಸೆ ಅಲ್ಲಿಗೇ ನಿಂತಿತು.

ಪತ್ರಕರ್ತ ಮೆಟ್ಟಿಲ ಮೇಲೆ ಕೂರಬೇಕೋ, ಮೆಟ್ಟಿಲ ಪಕ್ಕ ನಿಂತು ಬರೆದುಕೊಳ್ಳಬೇಕೋ? ಪತ್ರಿಕೋದ್ಯಮ ತರಗತಿಯಲ್ಲಿ ಇಂದಿಗೂ ಮುಗಿಯದ ಚರ್ಚೆ ಅದು. ಹಾರ್ನಿಮನ್ ಎರಡನ್ನೂ ಮಾಡಿದರು. ಒಂದು ಊರಿನ ಜನರಿಗೆ ಮತವೇ ಇಲ್ಲದ ಕಾಲದಲ್ಲಿ ಪತ್ರಿಕೆಯೇ ಅವರ ಮತ ಎಂಬಂತೆ ಅವರು ನಡೆದುಕೊಂಡರು. ಅದರ ಬೆಲೆಯನ್ನೂ ಐದೇ ತಿಂಗಳಲ್ಲಿ ತೆತ್ತರು.

ಗಡಿಪಾರು

1919ರ ಮಾರ್ಚ್‌ನಲ್ಲಿ ರೌಲಟ್ ಕಾಯ್ದೆ ಅಂಗೀಕಾರವಾಯಿತು. ಯುದ್ಧ ಮುಗಿದರೂ ಯುದ್ಧಕಾಲದ ಬಿಗಿ ಮುಗಿಯುವುದಿಲ್ಲ ಎಂಬುದು ಅದರ ಸಾರ. ವಿಚಾರಣೆ ಇಲ್ಲದೆ ಸೆರೆಯಲ್ಲಿಡಲು ಅದು ಅವಕಾಶ ಕೊಟ್ಟಿತು. ಗಾಂಧೀಜಿ ಮುಂಬೈನಲ್ಲಿ ಸತ್ಯಾಗ್ರಹ ಸಭಾ ಸ್ಥಾಪಿಸಿದರು. ಗಾಂಧೀಜಿ ಅಧ್ಯಕ್ಷರು, ಹಾರ್ನಿಮನ್ ಉಪಾಧ್ಯಕ್ಷರು. ಏಪ್ರಿಲ್ 6ರಂದು ಮುಂಬೈ ಬಾಗಿಲು ಮುಚ್ಚಿ ಹರತಾಳ ನಡೆಸಿತು. ಅದಕ್ಕೂ ಒಂದು ವಾರ ಮೊದಲು, ಮಾರ್ಚ್ 30ರಂದು, ದಿಲ್ಲಿಯಲ್ಲಿ ಪ್ರತಿಭಟನಕಾರರ ಮೇಲೆ ಗುಂಡು ಹಾರಿತ್ತು.

ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಸೇರಿದ್ದ ಜನರ ಮೇಲೆ ಜನರಲ್ ಡಯರ್ ಗುಂಡು ಹಾರಿಸಿದ. 1,650 ಸುತ್ತು. ಸರ್ಕಾರದ ಲೆಕ್ಕದಲ್ಲೇ ಸತ್ತವರು 379. ಕಾಂಗ್ರೆಸ್ ಅಂದಾಜು ಸಾವಿರದಷ್ಟು. ಎರಡು ದಿನಗಳಲ್ಲಿ ಅಲ್ಲಿ ಸೇನಾಡಳಿತ ಘೋಷಣೆಯಾಯಿತು. ಪತ್ರ, ತಂತಿ, ಪತ್ರಿಕೆ ಎಲ್ಲದರ ಮೇಲೂ ಕಾವಲು ಕೂತಿತು.

ಏಪ್ರಿಲ್ 26ರಂದು ಹಾರ್ನಿಮನ್ ಅವರನ್ನು ಮುಂಬೈನಿಂದ ಹಡಗು ಹತ್ತಿಸಿ ಇಂಗ್ಲೆಂಡಿಗೆ ಅಟ್ಟಲಾಯಿತು. ಗವರ್ನರ್ ಆಗಿದ್ದವರು ಜಾರ್ಜ್ ಲಾಯ್ಡ್. ಬಳಸಿದ್ದು ಅದೇ ಭಾರತ ರಕ್ಷಣಾ ಕಾಯ್ದೆಯ ಅಧಿಕಾರ. ನ್ಯಾಯಾಲಯ ಇಲ್ಲ, ವಿಚಾರಣೆ ಇಲ್ಲ. ಹೈಕೋರ್ಟ್ ಇದ್ದದ್ದು ಅದೇ ಫೋರ್ಟ್‌ನಲ್ಲಿ.

ಲಂಡನ್ ಸಂಸತ್ತಿನಲ್ಲಿ ಭಾರತ ಸಚಿವ ಎಡ್ವಿನ್ ಮಾಂಟೆಗು ಈ ಗಡಿಪಾರಿಗೆ ಕೊಟ್ಟ ಕಾರಣ ಗಮನಿಸಬೇಕು. ದಿಲ್ಲಿಯ ಬೀದಿಗಳಲ್ಲಿ ಸೈನಿಕರು ಮೈಯೊಳಗೆ ಹಿಗ್ಗಿ ಹೆಚ್ಚು ಗಾಯ ಮಾಡುವ ಗುಂಡುಗಳನ್ನು ಬಳಸಿದರು ಎಂಬ ಆರೋಪಕ್ಕೆ ಕ್ರಾನಿಕಲ್ ಜಾಗ ಕೊಟ್ಟಿತ್ತು, ಆ ಪತ್ರಿಕೆಯನ್ನು ಮುಂಬೈನ ಬ್ರಿಟಿಷ್ ಸೈನಿಕರಿಗೆ ಪುಕ್ಕಟೆ ಹಂಚಲಾಗುತ್ತಿತ್ತು ಎಂಬುದು ಅವರ ವಾದ. ಸುದ್ದಿ ಯಾರ ಕೈಗೆ ತಲುಪುತ್ತದೆ ಎಂಬುದೇ ಸರ್ಕಾರಕ್ಕೆ ದೊಡ್ಡ ಭಯವಾಗಿತ್ತು. ಭಾರತೀಯರು ಓದಿದರೆ ಒಂದು ತಲೆನೋವು, ಬಂದೂಕು ಹಿಡಿದ ಬ್ರಿಟಿಷ್ ಸೈನಿಕನೇ ಓದಿದರೆ ಇನ್ನೂ ದೊಡ್ಡ ತಲೆನೋವು.

ಇದರಲ್ಲಿ ಇಂದಿಗೂ ಕಲಿಯುವುದಿದೆ. ಸರ್ಕಾರ ತಂತಿ ಮುಚ್ಚಿದಾಗ ನಿಜ ಮಾತ್ರ ನಿಲ್ಲುವುದಿಲ್ಲ, ನಿಜವನ್ನು ತಾಳೆ ನೋಡುವ ದಾರಿಯೂ ನಿಲ್ಲುತ್ತದೆ. ಆಗ ಕೇಳಿದ್ದೆಲ್ಲ ಸುದ್ದಿಯಾಗುತ್ತದೆ. ಗಾಳಿಮಾತಿಗೆ ಬೀಜ ಬಿತ್ತಿದವರೇ ಆಮೇಲೆ ಗಾಳಿಮಾತು ಹಬ್ಬಿಸಿದರೆಂದು ಪತ್ರಿಕೆಯ ಮೇಲೆ ಗೂಬೆ ಕೂರಿಸಬಹುದು.

ಪ್ಯಾರಿಸ್‌ನಲ್ಲಿ ಶಾಂತಿ, ಪಂಜಾಬಿನಲ್ಲಿ ಮೌನ

ಅದೇ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಏನು ನಡೆಯುತ್ತಿತ್ತು ಗೊತ್ತೇ? ಯುದ್ಧ ಗೆದ್ದ ದೇಶಗಳ ನಾಯಕರು ಸೇರಿ ಜಗತ್ತಿನ ನಕಾಶೆಯನ್ನು ಹೊಸದಾಗಿ ಬರೆಯುತ್ತಿದ್ದರು. ಪ್ರತಿ ರಾಷ್ಟ್ರಕ್ಕೂ ತನ್ನ ಭವಿಷ್ಯ ತೀರ್ಮಾನಿಸುವ ಹಕ್ಕಿದೆ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಆ ಸಮ್ಮೇಳನದಲ್ಲಿ ಭಾರತಕ್ಕೂ ಕುರ್ಚಿ ಇತ್ತು. ಜೂನ್ 28ರಂದು ವರ್ಸೈಲ್ಸ್ ಒಪ್ಪಂದಕ್ಕೆ ಭಾರತದ ಪರವಾಗಿ ಸಹಿ ಹಾಕಿದವರು ಮಾಂಟೆಗು ಮತ್ತು ಬಿಕಾನೇರ್ ಮಹಾರಾಜ ಗಂಗಾಸಿಂಗ್.

ಲೋಕದ ಶಾಂತಿಗೆ ಭಾರತದ ಹೆಸರಿನಲ್ಲಿ ಸಹಿ ಬೀಳುತ್ತಿದ್ದಾಗ ಪಂಜಾಬಿನಲ್ಲಿ ಏನಾಯಿತೆಂದು ಭಾರತದ ಜನರಿಗೇ ಪೂರ್ತಿ ತಿಳಿದಿರಲಿಲ್ಲ. ಗಾಂಧೀಜಿಗೆ ಅಕ್ಟೋಬರ್ ತನಕ ಪಂಜಾಬಿನೊಳಗೆ ಕಾಲಿಡಲು ಬಿಡಲಿಲ್ಲ. ಲಾಹೋರಿನ ಟ್ರಿಬ್ಯೂನ್ ಪತ್ರಿಕೆಯ ಸಂಪಾದಕ ಕಾಳೀನಾಥ ರಾಯ್ ಅವರಿಗೆ ಎರಡು ವರ್ಷ ಶಿಕ್ಷೆ ವಿಧಿಸಿ, ಆಮೇಲೆ ಮೂರು ತಿಂಗಳಿಗೆ ಇಳಿಸಲಾಯಿತು. ಹಾರ್ನಿಮನ್ ಅವರ ಪತ್ರಿಕೆಗೆ ವರದಿ ಮಾಡಿದ ಗೋವರ್ಧನ ದಾಸ್ ಮೂರು ವರ್ಷ ಜೈಲು ಸೇರಿದರು.

ಆ ಎರಡು ಶಿಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಇಂಗ್ಲಿಷ್ ಸಂಪಾದಕನಿಗೆ ತನ್ನ ಹುಟ್ಟೂರಿಗೆ ಮರಳುವ ಹಡಗಿನ ಟಿಕೆಟ್. ಭಾರತೀಯ ವರದಿಗಾರನಿಗೆ ಸೆರೆಮನೆ. ಸಾಮ್ರಾಜ್ಯ ತನ್ನ ಟೀಕಾಕಾರರಲ್ಲೂ ಭೇದ ಮಾಡಿತು. ಹಾರ್ನಿಮನ್‌ಗೆ ಆದದ್ದು ಅನ್ಯಾಯವೇ. ಆದರೆ ಆ ಅನ್ಯಾಯ ಅವರನ್ನು ತಂದು ಬಿಟ್ಟದ್ದು ಬಾಯಿ ತೆರೆದು ಮಾತನಾಡಬಹುದಾದ ಜಾಗಕ್ಕೆ, ಅಧಿಕಾರದ ಕೇಂದ್ರವಾದ ಲಂಡನ್ನಿಗೆ. ಈ ತಪ್ಪಿಗೆ ಸರ್ಕಾರ ಆಮೇಲೆ ಕೈ ಕೈ ಹಿಸುಕಿಕೊಂಡಿರಬೇಕು.

ಲಂಡನ್ ತಲುಪಿದ ಸುದ್ದಿ

ಲಂಡನ್ನಿನಲ್ಲಿ ಡೈಲಿ ಹೆರಾಲ್ಡ್ ಎಂಬ ಪತ್ರಿಕೆ ಇತ್ತು. ಕಾರ್ಮಿಕ ಚಳವಳಿಯ ದನಿ. ಯುದ್ಧದ ಕಾಲದಲ್ಲಿ ವಾರಪತ್ರಿಕೆಯಾಗಿ ಉಳಿದಿದ್ದ ಅದು 1919ರ ಮಾರ್ಚ್ 31ರಂದು ಮತ್ತೆ ದಿನಪತ್ರಿಕೆಯಾಗಿತ್ತು. ಸಂಪಾದಕ ಜಾರ್ಜ್ ಲಾನ್ಸ್‌ಬರಿ. ಪಂಜಾಬಿನಿಂದ ಕಾವಲು ತಪ್ಪಿಸಿ ಹೊರಬಂದ ಚಿತ್ರಗಳನ್ನೂ ವಿವರಗಳನ್ನೂ ಹಾರ್ನಿಮನ್ ಈ ಪತ್ರಿಕೆಯ ಮೂಲಕ ಬ್ರಿಟನ್ನಿನ ಓದುಗರಿಗೆ ಮುಟ್ಟಿಸಿದರು. ಅಮೃತಸರದ ಓಣಿಯೊಂದರಲ್ಲಿ ಭಾರತೀಯರು ಹೊಟ್ಟೆಯ ಮೇಲೆ ತೆವಳಿಕೊಂಡೇ ಹೋಗಬೇಕೆಂಬ ಆಜ್ಞೆ ಇತ್ತೆಂಬಂಥ ಸಂಗತಿಗಳು ಬ್ರಿಟನ್ನಿನ ಸಾಮಾನ್ಯ ಓದುಗರನ್ನು ತಲುಪತೊಡಗಿದವು.

ಒತ್ತಡ ಹೆಚ್ಚಿತು. ಅಕ್ಟೋಬರ್‌ನಲ್ಲಿ ಲಾರ್ಡ್ ಹಂಟರ್ ಅಧ್ಯಕ್ಷತೆಯ ವಿಚಾರಣಾ ಸಮಿತಿ ನೇಮಕವಾಯಿತು. ಅದರ ಮೂವರು ಭಾರತೀಯ ಸದಸ್ಯರಲ್ಲಿ ಒಬ್ಬರು ಮುಂಬೈ ಹೈಕೋರ್ಟಿನ ಹೆಸರಾಂತ ವಕೀಲ ಚಿಮನ್‌ಲಾಲ್ ಸೆಟಲ್‌ವಾಡ್. ನವೆಂಬರ್‌ನಲ್ಲಿ ಲಾಹೋರಿನಲ್ಲಿ ಸಮಿತಿಯ ಮುಂದೆ ಬಂದ ಡಯರ್ ತಾನು ಮಾಡಿದ್ದನ್ನು ಅಳುಕಿಲ್ಲದೆ ಒಪ್ಪಿಕೊಂಡ. ಆ ಹೇಳಿಕೆ ಡಿಸೆಂಬರ್‌ನಲ್ಲಿ ಬ್ರಿಟಿಷ್ ಪತ್ರಿಕೆಗಳಲ್ಲಿ ಬಂದಾಗ ಬ್ರಿಟನ್ ಬೆಚ್ಚಿಬಿತ್ತು.

ಈ ಕಥೆಯ ಅತಿ ಮುಖ್ಯ ಘಟ್ಟ ಇದು. ಭಾರತವನ್ನು ಆಳುವ ಇಲಾಖೆಯ ಸಚಿವ ಮಾಂಟೆಗು ಸಂಸತ್ತಿನಲ್ಲಿ ಎದ್ದು ನಿಂತು, ಪತ್ರಿಕೆಗಳಲ್ಲಿ ವರದಿ ನೋಡುವ ತನಕ ತಮಗೆ ಈ ವಿವರಗಳು ತಿಳಿದಿರಲಿಲ್ಲ ಎಂದರು. ಘಟನೆ ನಡೆದು ಎಂಟು ತಿಂಗಳಾಗಿತ್ತು. ಜೂನ್‌ನಲ್ಲೇ ತಾವು ಅವರಿಗೆ ಎಲ್ಲ ಹೇಳಿದ್ದಾಗಿ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮೈಕೆಲ್ ಓಡ್ವಯರ್ ಆಮೇಲೆ ವಾದಿಸಿದರು. ಯಾರ ಮಾತು ಹೆಚ್ಚು ನಿಜ ಎಂಬ ಜಗಳ ಏನೇ ಇರಲಿ, ಒಂದು ವಿಷಯ ಮಾತ್ರ ಬಯಲಾಯಿತು. ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯ, ಸಮುದ್ರದಡಿ ಅದರದ್ದೇ ತಂತಿ, ಊರೂರಿಗೆ ಅದರದ್ದೇ ಅಧಿಕಾರಿ. ಆದರೂ ತನ್ನದೇ ಸೇನೆ ಏನು ಮಾಡಿತು ಎಂಬುದನ್ನು ತಿಳಿಯಲು ಅದರ ಸಚಿವ ಪತ್ರಿಕೆ ನೋಡಬೇಕಾಯಿತು, ಇಲ್ಲವೇ ಹಾಗೆಂದು ಹೇಳಿ ತಪ್ಪಿಸಿಕೊಳ್ಳಬೇಕಾಯಿತು.

ನಾಯಕರಿಗೆ ಎಲ್ಲ ಗೊತ್ತಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಬಿಕ್ಕಟ್ಟಿನ ಹೊತ್ತಿನಲ್ಲಿ ಅವರಿಗೆ ಗೊತ್ತಾಗುವುದು ಅವರ ಕೈಕೆಳಗಿನವರು ಹೇಳಲು ಬಯಸಿದಷ್ಟು ಮಾತ್ರ. ಅದರಾಚೆಯದನ್ನು ಹೇಳುವವರು ಬೇಕು. ಅಂಥವರನ್ನು ಹಡಗು ಹತ್ತಿಸಿ ಕಳಿಸಿದ ಸರ್ಕಾರ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ವಿಚಾರಣಾ ಸಮಿತಿ ನೇಮಿಸಿತು.

1920ರಲ್ಲಿ ಹಾರ್ನಿಮನ್ ಅಮೃತಸರದ ಕುರಿತು, ಭಾರತದ ಬಗ್ಗೆ ಬ್ರಿಟಿಷರಿಗಿರುವ ಹೊಣೆಯ ಕುರಿತು ಪುಸ್ತಕ ಬರೆದರು. ಆ ವರ್ಷದ ಜುಲೈ 8ರಂದು ಹೌಸ್ ಆಫ್ ಕಾಮನ್ಸ್‌ನಲ್ಲಿ ಡಯರ್ ವಿಷಯ ಚರ್ಚೆಗೆ ಬಂದಾಗ 230 ಮತಗಳು ಅವನನ್ನು ಸೇವೆಯಿಂದ ಇಳಿಸಿದ ಸರ್ಕಾರದ ನಿಲುವಿನ ಪರ ಬಿದ್ದವು, 129 ವಿರುದ್ಧ. ಅದೇ ತಿಂಗಳು ಹೌಸ್ ಆಫ್ ಲಾರ್ಡ್ಸ್ 129 ಮತಗಳಿಂದ ಡಯರ್ ಪರ ನಿಂತಿತು, ವಿರುದ್ಧ ಬಿದ್ದದ್ದು 86. ಮಾರ್ನಿಂಗ್ ಪೋಸ್ಟ್ ಪತ್ರಿಕೆ ಡಯರ್‌ಗಾಗಿ ನಿಧಿ ಸಂಗ್ರಹಿಸಿ 26 ಸಾವಿರ ಪೌಂಡ್‌ಗೂ ಹೆಚ್ಚು ಕೂಡಿಸಿತು. ಸುದ್ದಿ ತಲುಪಿದ ಮಾತ್ರಕ್ಕೆ ಎಲ್ಲರ ಮನಸ್ಸು ಕರಗುವುದಿಲ್ಲ. ಆದರೆ ಗೊತ್ತೇ ಇರಲಿಲ್ಲ ಎನ್ನುವ ನೆಪ ಅಂದಿಗೆ ಮುಗಿಯಿತು.

ಇತ್ತ ಮುಂಬೈನಲ್ಲಿ ಏನಾಯಿತು?

ಹಾರ್ನಿಮನ್ ಹೋದ ಮೇಲೆ ಕ್ರಾನಿಕಲ್ ಸೆನ್ಸಾರ್ ಹೊಡೆತಕ್ಕೆ ಸಿಕ್ಕಿ ಸ್ವಲ್ಪ ಕಾಲ ನಿಂತಿತು. ಜನ ರೊಚ್ಚಿಗೆದ್ದು ಗಲಭೆಯಾದರೆ ಹಾರ್ನಿಮನ್ ಅವರಿಗೇ ಅಪಚಾರ ಎಂದು ಗಾಂಧೀಜಿ ಶಾಂತಿ ಕಾಪಾಡಲು ಕೇಳಿಕೊಂಡರು. ಮೇ 11ರ ಭಾನುವಾರ ಉಪವಾಸ, ಪ್ರಾರ್ಥನೆ, ಹರತಾಳದ ಮೂಲಕ ಪ್ರತಿಭಟನೆ ನಡೆಯಿತು.

ಇನ್ನೊಂದು ಬೆಳವಣಿಗೆ ಭಾರತದ ಪತ್ರಿಕೋದ್ಯಮದ ದಿಕ್ಕನ್ನೇ ಬದಲಿಸಿತು. ಕ್ರಾನಿಕಲ್ ನಿಂತ ಆ ಹೊತ್ತಿನಲ್ಲಿ ಹೋಮ್‌ರೂಲ್ ಗೆಳೆಯರು ತಾವು ನಡೆಸುತ್ತಿದ್ದ ಯಂಗ್ ಇಂಡಿಯಾ ಪತ್ರಿಕೆಯನ್ನು ಗಾಂಧೀಜಿ ಕೈಗೆ ಒಪ್ಪಿಸಿದರು. ಮೇ ತಿಂಗಳಿಂದ ಅದು ವಾರಕ್ಕೆ ಎರಡು ಬಾರಿ ಬರತೊಡಗಿತು. ಮುಂದೆ ಇಡೀ ದೇಶ ಓದಿದ ಯಂಗ್ ಇಂಡಿಯಾ ಗಾಂಧೀಜಿಯ ಪತ್ರಿಕೆಯಾದದ್ದು ಹೀಗೆ. ಒಬ್ಬ ಸಂಪಾದಕನನ್ನು ಹೊರಹಾಕಿದ ಸರ್ಕಾರ ಇನ್ನೂ ದೊಡ್ಡ ಸಂಪಾದಕನನ್ನು ತಾನೇ ತಂದು ಕೂರಿಸಿತು.

ಕ್ರಾನಿಕಲ್ ಕೂಡ ಸಾಯಲಿಲ್ಲ. 1920ರಲ್ಲಿ ಇಂಗ್ಲಿಷ್ ಲೇಖಕ ಮಾರ್ಮಡ್ಯೂಕ್ ಪಿಕ್ಥಾಲ್ ಸಂಪಾದಕರಾದರು. ಟರ್ಕಿಯನ್ನೂ ಇಸ್ಲಾಮಿಕ್ ಜಗತ್ತನ್ನೂ ಬಲ್ಲವರು. ಖಿಲಾಫತ್ ಚಳವಳಿಯ ಆ ದಿನಗಳಲ್ಲಿ ಇಸ್ತಾಂಬುಲ್‌ನಲ್ಲಿ ಏನಾಗುತ್ತಿದೆ ಎಂಬುದನ್ನು ಮುಂಬೈ ಓದುಗರಿಗೆ ಬಿಡಿಸಿ ಹೇಳುವವರು ಬೇಕಿತ್ತು. 1924ರಲ್ಲಿ ಸೈಯದ್ ಅಬ್ದುಲ್ಲಾ ಬ್ರೆಲ್ವಿ ಆ ಕುರ್ಚಿಗೆ ಬಂದರು. ಇಂದು ಹಾರ್ನಿಮನ್ ಸರ್ಕಲ್‌ಗೆ ತಾಗಿದ ರಸ್ತೆಗೆ ಇರುವುದು ಬ್ರೆಲ್ವಿ ಅವರ ಹೆಸರೇ.

ಮರಳಿ ಮುಂಬೈಗೆ

ಹಾರ್ನಿಮನ್ ಭಾರತಕ್ಕೆ ಮರಳಲು ಏಳು ವರ್ಷ ಕಾಯಬೇಕಾಯಿತು. ಅವರಿಗೆ ಭಾರತಕ್ಕೆ ಬರಲು ಅನುಮತಿಯೇ ಸಿಗಲಿಲ್ಲ. 1926ರ ಜನವರಿಯಲ್ಲಿ ಕಾನೂನಿನಲ್ಲೇ ಇದ್ದ ಒಂದು ಸಂದಿಯನ್ನು ಹಿಡಿದು ಅವರು ಬಂದೇಬಿಟ್ಟರು. ವಯಸ್ಸು 52 ದಾಟಿತ್ತು. ಊರಿನಲ್ಲಿ ಉಳಿದು ಆತ್ಮಕಥೆ ಬರೆಯುತ್ತಾ ಕೂರಬಹುದಾಗಿದ್ದ ಮನುಷ್ಯ ಮತ್ತೆ ಮುಂಬೈನ ಸೆಕೆಗೆ, ಅಚ್ಚುಮೊಳೆಗಳ ಸದ್ದಿಗೆ ಮರಳಿದರು.

ಕ್ರಾನಿಕಲ್ ಸಂಪಾದಕತ್ವ ಮತ್ತೆ ಕೈಗೆ ಬಂತು. ಆಮೇಲೆ ಇಂಡಿಯನ್ ನ್ಯಾಷನಲ್ ಹೆರಾಲ್ಡ್ ಎಂಬ ಸ್ವಂತ ಪತ್ರಿಕೆ ಮಾಡಿ ನೋಡಿದರು, ಅದು ಬಾಳಲಿಲ್ಲ. 1933ರಿಂದ ಬಾಂಬೆ ಸೆಂಟಿನೆಲ್ ಎಂಬ ಸಂಜೆ ಪತ್ರಿಕೆಯನ್ನು ಹನ್ನೆರಡು ವರ್ಷ ನಡೆಸಿದರು. ಸಾಮ್ರಾಜ್ಯದ ವಿರುದ್ಧ ಬರೆದ ಕೈಯೇ ಈಗ ಊರೊಳಗಿನ ಅಕ್ರಮಗಳ ಬೆನ್ನು ಹತ್ತಿತು.

1941ರ ಫೆಬ್ರವರಿ 1ರಂದು ಫೋರ್ಟ್‌ನ ಕಾವಸ್‌ಜಿ ಪಟೇಲ್ ಬೀದಿಯಿಂದ ಬ್ಲಿಟ್ಜ್ ಎಂಬ ವಾರಪತ್ರಿಕೆ ಹೊರಬಂತು. ರುಸಿ ಕರಂಜಿಯಾ, ದಿನಕರ ನಾಡಕರ್ಣಿ ಎಂಬ ಯುವಕರ ಜೊತೆ ಕೈಜೋಡಿಸಿದವರು 67 ವರ್ಷದ ಹಾರ್ನಿಮನ್. ಎರಡನೇ ಮಹಾಯುದ್ಧದ ನಡುವೆ ಹುಟ್ಟಿದ ಆ ಪತ್ರಿಕೆ ಮುಂದೆ ಕರಂಜಿಯಾ ಕೈಯಲ್ಲಿ ಜಗತ್ತಿನ ನಾಯಕರನ್ನು ಅವರ ಊರಿಗೇ ಹೋಗಿ ಮಾತನಾಡಿಸುವ ಮಟ್ಟಕ್ಕೆ ಬೆಳೆಯಿತು. ಕ್ರಾನಿಕಲ್‌ನಲ್ಲಿ ಬೆಳೆದ ಕೆ.ಎ. ಅಬ್ಬಾಸ್ ಅವರ ಕೊನೆಯ ಪುಟದ ಅಂಕಣ ಹಲವು ದಶಕ ಓದುಗರನ್ನು ಹಿಡಿದಿಟ್ಟದ್ದೂ ಬ್ಲಿಟ್ಜ್‌ನಲ್ಲೇ. ಮೈಸೂರಿನಿಂದ ಹೊರಟ ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳಿಗೂ ಅದು ಜಾಗ ಕೊಟ್ಟಿತ್ತು.

ಕರ್ನಾಟಕಕ್ಕೆ ಇನ್ನೂ ಹತ್ತಿರದ ಒಂದು ಕೊಂಡಿ ಇದೆ. ಕ್ರಾನಿಕಲ್‌ನಲ್ಲಿ ಹಾರ್ನಿಮನ್ ಜೊತೆ ಪಳಗಿದ ಪೋತನ್ ಜೋಸೆಫ್ 1948ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಡೆಕ್ಕನ್ ಹೆರಾಲ್ಡ್‌ನ ಮೊದಲ ಸಂಪಾದಕರಾದರು. ಅದೇ ಸಂಸ್ಥೆಯಿಂದ ಕನ್ನಡದ ಪ್ರಜಾವಾಣಿ ಹೊರಬಂದದ್ದು 1948ರ ಅಕ್ಟೋಬರ್ 15ರಂದು. ಮರುದಿನ, ಅಕ್ಟೋಬರ್ 16ರಂದು, ಹಾರ್ನಿಮನ್ ತೀರಿಕೊಂಡರು. 75 ವರ್ಷ ವಯಸ್ಸು. ಐವತ್ತು ವರ್ಷಗಳ ಪತ್ರಿಕಾ ಬದುಕಿನ ನೆನಪುಗಳನ್ನು ಬರೆಯುತ್ತಿದ್ದರು, ಅದು ಅರ್ಧಕ್ಕೇ ನಿಂತಿತು.

ಹೆಸರು ಉಳಿದದ್ದು ಏಕೆ?

ಸಾಯುವ ಮುನ್ನ ಅವರು ಸ್ವತಂತ್ರ ಭಾರತವನ್ನು ನೋಡಿದರು. ಆದರೆ ಸುದ್ದಿಯ ತಂತಿ ಭಾರತದ ಕೈಗೆ ಬಂದದ್ದನ್ನು ನೋಡಲಿಲ್ಲ. 1947ರ ಆಗಸ್ಟ್‌ನಲ್ಲಿ ನೋಂದಣಿಯಾದ ಪಿಟಿಐ ಕೆಲಸ ಶುರು ಮಾಡಿದ್ದು 1949ರ ಫೆಬ್ರವರಿ 1ರಂದು. ರಾಯಿಟರ್ಸ್ ಕೈಯಲ್ಲಿದ್ದ ದೇಶದೊಳಗಿನ ಸುದ್ದಿ ಜಾಲ ಅಂದು ಭಾರತೀಯ ಪತ್ರಿಕೆಗಳದ್ದಾಯಿತು. ಹಾರ್ನಿಮನ್ ಹೋಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಬಾಂಬೆ ಕ್ರಾನಿಕಲ್ 1959ರಲ್ಲಿ ಮುಚ್ಚಿತು. ಹಾರ್ನಿಮನ್‌ಗೆ ಎದುರಾಳಿಯಾಗಿದ್ದ ಸ್ಟಾನ್ಲಿ ರೀಡ್ ಇಂಗ್ಲೆಂಡಿಗೆ ಮರಳಿ ಸಂಸತ್ ಸದಸ್ಯರಾಗಿದ್ದರು. ಹಾರ್ನಿಮನ್‌ಗೆ ಸಿಕ್ಕಿದ್ದು ಫೋರ್ಟ್‌ನ ಒಂದು ಸರ್ಕಲ್.

ಇಂದು ಜಗತ್ತಿನ ಯಾವ ಮೂಲೆಯಲ್ಲಿ ಯುದ್ಧವಾದರೂ ನಿಮಿಷದೊಳಗೆ ನಮ್ಮ ಮೊಬೈಲ್‌ಗೆ ಬರುತ್ತದೆ. ಅಂತಾರಾಷ್ಟ್ರೀಯ ಡೆಸ್ಕ್‌ನಲ್ಲಿ ಕೂತವರಿಗೆ ಸುದ್ದಿಯ ಬರ ಇಲ್ಲ. ಆದರೂ ಸಂಘರ್ಷದ ಊರಿನಲ್ಲಿ ಮೊದಲು ಕಡಿತವಾಗುವುದು ಇಂಟರ್ನೆಟ್. ಮೊದಲು ತಡೆಯುವುದು ಹೊರಗಿನ ವರದಿಗಾರರನ್ನು. ಒಳಗೇ ಉಳಿದ ಸ್ಥಳೀಯ ವರದಿಗಾರರು ಕಳಿಸಿದ ಚಿತ್ರವೇ ಜಗತ್ತಿನ ಪಾಲಿಗೆ ಆ ಊರು. ನೂರು ವರ್ಷಗಳಲ್ಲಿ ತಂತಿ ಬದಲಾಗಿದೆ, ಅದನ್ನು ಬಿಗಿಹಿಡಿಯುವ ರೀತಿ ಅಷ್ಟಾಗಿ ಬದಲಾಗಿಲ್ಲ.

ಹಾರ್ನಿಮನ್ ಎಲ್ಲ ಬಲ್ಲ ಜ್ಞಾನಿಯಾಗಿರಲಿಲ್ಲ. ಅವರು ಪಕ್ಷ ವಹಿಸಿದರು, ಮೆಟ್ಟಿಲ ಮೇಲೆ ಕೂತರು, ಪತ್ರಿಕೆ ಕಟ್ಟಿ ಸೋತರು. ಆದರೆ ಅಧಿಕಾರ ಇರುವ ಜಾಗಕ್ಕೆ ಸುದ್ದಿ ಮುಟ್ಟದಿದ್ದರೆ ಅಧಿಕಾರ ಬದಲಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅಮೃತಸರದ ಸಾವನ್ನು ಅವರು ಅಮೃತಸರದ ದುಃಖವಾಗಿ ಬಿಡದೆ ಲಂಡನ್ನಿನ ಲೆಕ್ಕಕ್ಕೆ ಬರೆದರು.

ಮುಂದಿನ ಬಾರಿ ಫೋರ್ಟ್ ಕಡೆ ಹೋದರೆ ಆ ಸರ್ಕಲ್‌ನ ನಾಮಫಲಕ ನೋಡಿ. ಅದರ ಮೇಲಿರುವುದು ಸಂಪಾದಕರ ಹೆಸರು. ಆ ಹೆಸರಿನ ಹಿಂದೆ ಮೂರು ವರ್ಷ ಜೈಲಿನಲ್ಲಿ ಕಳೆದ ವರದಿಗಾರ ಗೋವರ್ಧನ ದಾಸ್ ಅವರೂ ಇದ್ದಾರೆ ಎಂಬುದು ನೆನಪಿರಲಿ.